ಗದ್ದೆಯ ನೀರು, ಮನುಷ್ಯನ ಗುಣ

ಕಾಫಿ ಅಂಗಡಿಯಲ್ಲಿ ಎರಡು ಕುರ್ಚಿಗಳನ್ನು ಹತ್ತಿರ ತಳ್ಳಿ, ನಡುವೆ ಒಬ್ಬರು ಮೈ ಮುದುಡಿಕೊಂಡು ನುಸುಳುವಷ್ಟೇ ಜಾಗ ಬಿಟ್ಟರೆ ಗಿರಾಕಿಗಳು ಏನು ಮಾಡುತ್ತಾರೆ? ಚೀನಾದ ಹಲವು ನಗರಗಳ ಸ್ಟಾರ್‌ಬಕ್ಸ್ ಅಂಗಡಿಗಳಲ್ಲಿ ಸಂಶೋಧಕರು ಇದನ್ನು ಮಾಡಿ ನೋಡಿದರು. ಹೆಚ್ಚಿನವರು ಎಲ್ಲ ಕಡೆಯೂ ಓರೆಯಾಗಿ ನುಸುಳಿ ಹೋದರು. ಆದರೆ ಕುರ್ಚಿಯನ್ನೇ ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಂಡವರ ಪ್ರಮಾಣ ದಕ್ಷಿಣಕ್ಕಿಂತ ಉತ್ತರ ಚೀನಾದಲ್ಲಿ ದುಪ್ಪಟ್ಟಿಗೂ ಹೆಚ್ಚಿತ್ತು. ಒಬ್ಬರೇ ಕೂತು ಕಾಫಿ ಕುಡಿಯುವವರೂ ಉತ್ತರದಲ್ಲೇ ಹೆಚ್ಚು. 2018ರಲ್ಲಿ ಪ್ರಕಟವಾದ ಈ ಅಧ್ಯಯನದ ಹಿಂದಿದ್ದವರು ಅಮೆರಿಕದ ಮನೋವಿಜ್ಞಾನಿ ಥಾಮಸ್ ಟಾಲ್ಹೆಮ್ ಮತ್ತು ಸಂಗಡಿಗರು.

ಟಾಲ್ಹೆಮ್ ಚೀನಾದಲ್ಲೇ ಕೆಲವು ವರ್ಷ ಇದ್ದವರು. ದಕ್ಷಿಣದ ಗುವಾಂಗ್‌ಝೌ ಮತ್ತು ಉತ್ತರದ ಬೀಜಿಂಗ್ ಜನರ ನಡವಳಿಕೆ ಬೇರೆ ಬೇರೆ ಎನಿಸಿ ಕಾರಣ ಹುಡುಕಲು ಹೊರಟರು. ಅವರ ಕಣ್ಣು ಬಿದ್ದದ್ದು ಹೊಲದ ಮೇಲೆ. ಯಾಂಗ್ಟ್ಸೆ ನದಿಯ ದಕ್ಷಿಣಕ್ಕೆ ಸಾವಿರಾರು ವರ್ಷಗಳಿಂದ ಭತ್ತ, ಉತ್ತರಕ್ಕೆ ಗೋಧಿ.

ಭತ್ತ ಬೆಳೆದವರಿಗೆ ವಿಷಯ ಬೇಗ ಅರ್ಥವಾಗುತ್ತದೆ. ನಿಂತ ನೀರಿನ ಗದ್ದೆಯಲ್ಲಿ ಒಬ್ಬನ ಬೇಸಾಯ ಎಂಬುದಿಲ್ಲ. ಮೇಲಿನ ಗದ್ದೆಯವನು ನೀರು ಬಿಟ್ಟರೆ ಕೆಳಗಿನವನಿಗೆ ಉಂಟು. ಕಾಲುವೆಯ ಹೂಳನ್ನು ಊರೇ ಸೇರಿ ಎತ್ತಬೇಕು. ಸಸಿ ಕಿತ್ತು ನಾಟಿ ಮಾಡುವ ಕೆಲಸ ಕೆಲವೇ ದಿನಗಳಲ್ಲಿ ಮುಗಿಯಬೇಕು. ಒಂದು ಮನೆಯ ಕೈಗಳು ಅದಕ್ಕೆ ಸಾಲವು. ಸಾಂಪ್ರದಾಯಿಕ ಪದ್ಧತಿಯಲ್ಲಿ ಭತ್ತಕ್ಕೆ ಗೋಧಿಗಿಂತ ಸುಮಾರು ಎರಡು ಪಟ್ಟು ದುಡಿಮೆ ಬೇಕಿತ್ತು. ಹಾಗಾಗಿ ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ನಮ್ಮ ಮಲೆನಾಡಿನಲ್ಲಿ ಮುಯ್ಯಾಳು ಎನ್ನುವುದು ಇದನ್ನೇ. ಬಯಲುಸೀಮೆಯ ಕೆರೆ ಬಯಲುಗಳಲ್ಲಿ ತೂಬು ತೆಗೆದು ಸರದಿಯಂತೆ ನೀರು ಹಂಚುವ ನೀರುಗಂಟಿ ಇದ್ದದ್ದೂ ಈ ಅಗತ್ಯಕ್ಕೇ. ಮಳೆ ನಂಬಿದ ಗೋಧಿಯವನಿಗೆ ನೆರೆಯವನ ಹಂಗು ಇಷ್ಟಿಲ್ಲ.

ಈ ಹಂಗು ಮನಸ್ಸಿನಲ್ಲೂ ಉಳಿಯುತ್ತದೆಯೇ? 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಮೊದಲ ಅಧ್ಯಯನದಲ್ಲಿ ಹಾನ್ ಜನಾಂಗದ 1,162 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ರೈಲು, ಬಸ್ಸು, ರೈಲುಹಳಿ. ಇವುಗಳಲ್ಲಿ ಜೋಡಿಯಾಗುವ ಎರಡು ಯಾವುವು? ಗೋಧಿ ನಾಡಿನವರು ರೈಲು, ಬಸ್ಸು ಎರಡೂ ವಾಹನ ಎಂದು ಜೋಡಿಸುವುದು ಹೆಚ್ಚು. ಭತ್ತದ ನಾಡಿನವರು ಹಳಿಯಿಲ್ಲದೆ ರೈಲಿಲ್ಲವೆಂದು ಆ ಎರಡನ್ನು ಜೋಡಿಸುವುದು ಹೆಚ್ಚು. ಇನ್ನೊಂದು ಪರೀಕ್ಷೆಯಲ್ಲಿ ತಾವು ಮತ್ತು ತಮ್ಮ ಗೆಳೆಯರನ್ನು ವೃತ್ತಗಳಾಗಿ ಬರೆಯಬೇಕು. ಅಮೆರಿಕನ್ನರು ತಮ್ಮ ವೃತ್ತವನ್ನು ಗೆಳೆಯರದಕ್ಕಿಂತ ಸರಾಸರಿ 6 ಮಿಲಿಮೀಟರ್ ದೊಡ್ಡದಾಗಿ ಬರೆಯುತ್ತಾರೆಂದು ಮೊದಲೇ ತಿಳಿದಿತ್ತು. ಗೋಧಿ ನಾಡಿನವರದು ಒಂದೂವರೆ ಮಿಲಿಮೀಟರಿನಷ್ಟು ದೊಡ್ಡದು. ಭತ್ತದ ನಾಡಿನವರಲ್ಲಿ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಈ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕೆಸರಿಗೆ ಕಾಲಿಟ್ಟವರೇ ಅಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ವಿಸ್ಮಯ.

ಆಕ್ಷೇಪಗಳು ಎದ್ದವು, ಏಳಲೇಬೇಕಿತ್ತು. ಉತ್ತರ, ದಕ್ಷಿಣದ ನಡುವೆ ಹವೆ, ಸಿರಿತನ, ಆಡುನುಡಿ ಎಲ್ಲವೂ ಬೇರೆ. ಬೆಳೆಯೇ ಕಾರಣವೆಂದು ಹೇಗೆ ನಂಬುವುದು? ಉತ್ತರ ಸಿಕ್ಕಿದ್ದು ನಿಂಗ್‌ಶಿಯಾ ಸ್ವಾಯತ್ತ ಪ್ರದೇಶದಲ್ಲಿ. 1949ರ ನಂತರ ಸರ್ಕಾರ ಅಲ್ಲಿ ಜನರನ್ನು ಎರಡು ಸರ್ಕಾರಿ ಕೃಷಿಕ್ಷೇತ್ರಗಳಿಗೆ ಕಳಿಸಿತ್ತು. ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಗೋಧಿ. ನಡುವಿನ ದೂರ 56 ಕಿಲೋಮೀಟರ್. ಮಳೆ, ಬಿಸಿಲು ಹೆಚ್ಚುಕಡಿಮೆ ಒಂದೇ. ಯಾರು ಎಲ್ಲಿಗೆ ಎಂಬುದನ್ನು ಜನ ಆರಿಸಿಕೊಂಡಿರಲಿಲ್ಲ. 2024ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿಯೂ ಅದೇ ವ್ಯತ್ಯಾಸ: ಭತ್ತದವರಿಗೆ ಸಂಬಂಧಗಳ ದೃಷ್ಟಿ ಹೆಚ್ಚು, ಗೆಳೆಯರ ಕಡೆಗೆ ಒಲವು ಹೆಚ್ಚು, 'ನಾನು' ಚಿಕ್ಕದು. ರಕ್ತದಲ್ಲಿ ಬಂದದ್ದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಸಾವಿರ ವರ್ಷವೂ ಬೇಕಿಲ್ಲ, ಒಂದೇ ತಲೆಮಾರು ಸಾಕಾಗಬಹುದು.

ಭತ್ತದ ನಾಡಿನವರು ಒಳ್ಳೆಯವರು, ಗೋಧಿಯವರು ಸ್ವಾರ್ಥಿಗಳು ಎಂದು ಇದನ್ನು ಓದಬಾರದು. ಗೆಳೆಯ ಮೋಸ ಮಾಡಿದರೂ ಅವನನ್ನು ಬಿಟ್ಟುಕೊಡದ ಗುಣ ಭತ್ತದವರಲ್ಲೇ ಹೆಚ್ಚು ಕಂಡಿದೆ. ಅದು ನಿಷ್ಠೆಯೂ ಹೌದು, ಸ್ವಜನಪಕ್ಷಪಾತದ ಬೀಜವೂ ಹೌದು. ಒಟ್ಟಿಗೆ ದುಡಿಯುವ ಊರಿನಲ್ಲಿ ಕಟ್ಟುಪಾಡು ಬಿಗಿ, ಪರರ ಕಣ್ಣೂ ಹೆಚ್ಚು. ಇವೆಲ್ಲ ಸರಾಸರಿಗಳು ಎಂಬುದನ್ನೂ ಮರೆಯುವಂತಿಲ್ಲ. ಬೀಜಿಂಗಿನಲ್ಲಿ ಕುರ್ಚಿ ಸರಿಸದೆ ನುಸುಳಿದವರೇ ಬಹಳ. ಒಬ್ಬನ ಊರು ಕೇಳಿ ಅವನ ಸ್ವಭಾವ ಹೇಳಲು ಈ ಅಂಕಿಅಂಶ ಬರುವುದಿಲ್ಲ.

ರಾಗಿ, ಜೋಳದ ಸೀಮೆ ಮತ್ತು ಭತ್ತದ ಸೀಮೆ ಒಂದೇ ರಾಜ್ಯದಲ್ಲಿ, ಒಂದೇ ಭಾಷೆಯಲ್ಲಿ ನಮಗೆ ಸಿಗುತ್ತವೆ. ವೃತ್ತ ಬರೆಸಲು ಕಾಗದ, ಪೆನ್ಸಿಲ್ ಸಾಕು. ನಾಟಿ ಯಂತ್ರ, ಕೊಯ್ಲು ಯಂತ್ರಗಳು ಬಂದು ಮುಯ್ಯಾಳು ಕಡಿಮೆಯಾಗುತ್ತಿದೆ. ಅದರ ನೆನಪಿರುವ ಹಿರಿಯರು ಇರುವಾಗಲೇ ನಮ್ಮ ವಿಶ್ವವಿದ್ಯಾಲಯಗಳ ಮನೋವಿಜ್ಞಾನ ವಿಭಾಗಗಳು ಈ ಕೆಲಸಕ್ಕೆ ಕೈಹಾಕಲಿ.