ಗುಟ್ಟಾಗಿ ನುಂಗುವ ‘ಪವರ್ ಮಾತ್ರೆ’: ಎದೆನೋವು ಬಂದ ದಿನ ಮುಚ್ಚಿಟ್ಟರೆ ಪ್ರಾಣಕ್ಕೇ ಕುತ್ತು

ಜಂಗಮಕೋಟೆ: ಪವರ್ ಮಾತ್ರೆ, ಶಕ್ತಿ ಮಾತ್ರೆ, ನೀಲಿ ಮಾತ್ರೆ. ಜನ ಕರೆಯೋ ಹೆಸರು ಹತ್ತಾರು. ಮೆಡಿಕಲ್ ಸ್ಟೋರಿನ ಶೀಟಿನ ಹಿಂದೆ ಓದಿದರೆ ಸಾಮಾನ್ಯವಾಗಿ ಕಾಣೋದು ಎರಡೇ ಔಷಧಿ: ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್. ‘ವಯಾಗ್ರ’ ಅನ್ನೋದು ಸಿಲ್ಡೆನಾಫಿಲ್‌ಗೆ ಒಂದು ಕಂಪನಿ ಇಟ್ಟ ಹೆಸರು.

ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಇದ್ದಾಗ ಡಾಕ್ಟರ್ ಪರೀಕ್ಷೆ ಮಾಡಿ ಬರೆದುಕೊಡುವ ಮಾತ್ರೆ ಇದು. ಹಾಗೆ ಬರೆಸಿಕೊಂಡು, ಹೇಳಿದ ಪ್ರಮಾಣದಲ್ಲಿ ತಗೊಂಡರೆ ಹೆಚ್ಚಿನವರಿಗೆ ದೊಡ್ಡ ಅಪಾಯ ಇಲ್ಲ. ತೊಂದರೆ ಬರೋದು ಬೇರೆ ದಾರಿಯಲ್ಲಿ. ಯಾವ ಸಮಸ್ಯೆಯೂ ಇಲ್ಲದ ಹುಡುಗರು ‘ಸ್ಟ್ಯಾಮಿನಾ’ ಬರುತ್ತೆ ಅಂತ ನುಂಗುತ್ತಾರೆ. ಹೊಸದಾಗಿ ಮದುವೆಯಾದವರು ಭಯಕ್ಕೆ ತಗೋತಾರೆ. ಜಿಮ್‌ಗೆ ಹೋಗುವವರು ಮೈ ಉಬ್ಬಲಿ ಅಂತ, ಇನ್ನು ಕೆಲವರು ಎಣ್ಣೆ ಜೊತೆ ಮೋಜಿಗೆ. ಇವೆಲ್ಲ ನಡೆಯೋದು ಗುಟ್ಟಾಗಿ. ಅಪಾಯ ಮಾತ್ರೆಯಲ್ಲಿ ಎಷ್ಟಿದೆಯೋ ಆ ಗುಟ್ಟಿನಲ್ಲೂ ಅಷ್ಟೇ ಇದೆ.

ಇದು ರಕ್ತನಾಳದ ಮಾತ್ರೆ

ಫೈಝರ್ ಕಂಪನಿಯ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷೆಗೆ ತಂದಿದ್ದು ಹೃದಯದ ರಕ್ತನಾಳ ಸಣ್ಣದಾಗಿ ಬರುವ ಎದೆನೋವಿಗೆ. ಅದಕ್ಕೆ ನಿರೀಕ್ಷಿಸಿದಷ್ಟು ಗುಣ ಕಾಣಲಿಲ್ಲ. ಆದರೆ ಪರೀಕ್ಷೆಯಲ್ಲಿದ್ದ ಗಂಡಸರಲ್ಲಿ ಇನ್ನೊಂದು ಪರಿಣಾಮ ಕಾಣಿಸಿತು. ಕೊನೆಗೆ 1998ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಇದನ್ನು ನಿಮಿರುವಿಕೆಯ ತೊಂದರೆಗೆ ಒಪ್ಪಿತು.

ಅಂದರೆ ಹುಟ್ಟಿನಿಂದಲೇ ಇದು ರಕ್ತನಾಳದ ಮೇಲೆ ಕೆಲಸ ಮಾಡುವ ಔಷಧಿ. ನಾಳಗಳ ಗೋಡೆ ಸಡಿಲವಾಗಲಿ ಅಂತ ದೇಹ ಒಂದು ಸಂದೇಶ ಕಳಿಸುತ್ತೆ. ಆ ಸಂದೇಶವನ್ನು ಅಳಿಸಿ ಹಾಕುವ ಕಿಣ್ವವೂ ದೇಹದಲ್ಲೇ ಇದೆ. ಈ ಮಾತ್ರೆ ಆ ಕಿಣ್ವವನ್ನು ತಡೆಯುತ್ತೆ. ನಾಳ ಸಡಿಲವಾಗಿಯೇ ಉಳಿಯುತ್ತೆ, ರಕ್ತ ಹೆಚ್ಚು ಹರಿಯುತ್ತೆ, ಬಿಪಿ ಸ್ವಲ್ಪ ಇಳಿಯುತ್ತೆ.

ಆಸೆ ಹುಟ್ಟಿಸೋದು, ವೀರ್ಯ ಹೆಚ್ಚಿಸೋದು, ಮೈಗೆ ಬಲ ಕೊಡೋದು ಇದರ ಕೆಲಸ ಅಲ್ಲ. ಆರೋಗ್ಯವಾಗಿರೋ ಹುಡುಗನಿಗೆ ಹೊಸದಾಗಿ ಸಿಗೋದು ತಲೆನೋವು, ಮುಖ ಕೆಂಪಾಗೋದು, ಮೂಗು ಕಟ್ಟೋದು, ಕೆಲವೊಮ್ಮೆ ಕಣ್ಣಿಗೆ ಎಲ್ಲಾ ನೀಲಿ ಕಾಣೋದು. ಜೊತೆಗೆ ‘ಮಾತ್ರೆ ಇಲ್ಲದೆ ನನ್ನ ಕೈಲಿ ಆಗಲ್ಲ’ ಅನ್ನೋ ಹೊಸ ಭಯವೂ ಅಂಟಿಕೊಳ್ಳಬಹುದು.

ಸಾರ್ಬಿಟ್ರೇಟ್ ಜೊತೆ ಸೇರಿದರೆ

ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಈಗ ಎಷ್ಟೋ ಮನೆಯಲ್ಲಿದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಹೃದಯದ ಭಯ ಮನೆಮನೆಗೂ ಬಂತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. ವಾಟ್ಸ್‌ಆಪ್‌ನಲ್ಲಿ ಓಡಾಡಿದ ‘ರಾಮ್ ಕಿಟ್’ನಲ್ಲೂ ಈ ಸಾರ್ಬಿಟ್ರೇಟ್ ಇದೆ. ಪರ್ಸ್‌ನಲ್ಲಿ, ಅಂಗಡಿ ಗಲ್ಲಾದಲ್ಲಿ ಇಟ್ಟುಕೊಂಡವರೂ ಇದ್ದಾರೆ.

ಸಾರ್ಬಿಟ್ರೇಟ್ ನೈಟ್ರೇಟ್ ಗುಂಪಿನ ಔಷಧಿ. ನಾಳ ಸಡಿಲ ಮಾಡುವ ಸಂದೇಶವನ್ನು ಅದು ಹೆಚ್ಚಿಸುತ್ತೆ. ಸಿಲ್ಡೆನಾಫಿಲ್ ಆ ಸಂದೇಶ ಅಳಿಯದಂತೆ ನೋಡಿಕೊಳ್ಳುತ್ತೆ. ಎರಡೂ ಒಟ್ಟಿಗೆ ಸೇರಿದರೆ ಬಿಪಿ ದಿಢೀರ್ ಕುಸಿಯುತ್ತೆ. ಹೃದಯಕ್ಕೆ, ಮೆದುಳಿಗೆ ರಕ್ತ ಸಾಲದೆ ಮನುಷ್ಯ ಬಿದ್ದುಬಿಡಬಹುದು, ಪ್ರಾಣವೇ ಹೋಗಬಹುದು.

ಈಗ ಯೋಚನೆ ಮಾಡಿ. ಯಜಮಾನರು ರಾತ್ರಿ ಮಾತ್ರೆ ತಗೊಂಡಿದ್ದಾರೆ, ಮನೆಯವರಿಗೆ ಗೊತ್ತಿಲ್ಲ. ಬೆಳಗಿನ ಜಾವ ಎದೆನೋವು ಅಂತಾರೆ. ಹೆಂಡತಿಯೋ ಮಗನೋ ಒಳ್ಳೇದೇ ಆಗಲಿ ಅಂತ ಸಾರ್ಬಿಟ್ರೇಟ್ ತಂದು ನಾಲಿಗೆ ಕೆಳಗೆ ಇಡುತ್ತಾರೆ. ಇಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇಲ್ಲ. ಹೇಳದೆ ಉಳಿದ ಒಂದು ಮಾತು ಸಾಕು, ಜೀವಕ್ಕೆ ಮುಳುವಾಗೋಕೆ.

ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಹಿಪ್ಪುನೇರಳೆ ಸೊಪ್ಪನ್ನು ತಂದು ತಕ್ಷಣ ಹುಳಕ್ಕೆ ಹಾಕಬಾರದು ಅಂತ ನಮ್ಮ ರೇಷ್ಮೆ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೊಪ್ಪು ನೋಡೋಕೆ ಹಸಿರಾಗೇ ಇರುತ್ತೆ, ಹುಳಕ್ಕೆ ವಿಷ. ಇಲ್ಲೂ ಹಾಗೇ. ಮಾತ್ರೆಯ ಪರಿಣಾಮ ಕಳೆಯಿತು ಅನ್ನಿಸಿದರೂ ಅದು ರಕ್ತದಲ್ಲಿ ಇದ್ದೇ ಇರುತ್ತೆ. ಸಿಲ್ಡೆನಾಫಿಲ್ ತಗೊಂಡ ಮೇಲೆ ಕನಿಷ್ಠ 24 ಗಂಟೆ, ಟಡಾಲಾಫಿಲ್ ಆದರೆ ಕನಿಷ್ಠ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಹೃದಯಕ್ಕೆ ದಿನಾ ನೈಟ್ರೇಟ್ ಮಾತ್ರೆ ನುಂಗುವವರು ಈ ಮಾತ್ರೆಗಳ ಹತ್ತಿರಕ್ಕೂ ಹೋಗಬಾರದು.

ಎಣ್ಣೆ, ಬಿಪಿ, ಪ್ರಾಸ್ಟೇಟ್ ಮಾತ್ರೆ

ಬಿಪಿಗೆ ಕೊಡುವ ಪ್ರಜೋಸಿನ್, ಪ್ರಾಸ್ಟೇಟ್ ಊದಿ ಮೂತ್ರ ಕಟ್ಟುವ ವಯಸ್ಸಾದವರಿಗೆ ಕೊಡುವ ಟ್ಯಾಮ್ಸುಲೋಸಿನ್, ಇವೂ ನಾಳ ಸಡಿಲ ಮಾಡುತ್ತವೆ. ಜೊತೆಗೆ ಸಿಲ್ಡೆನಾಫಿಲ್ ಬಿದ್ದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಕೀಟೋಕೊನಜೋಲ್, ಇಟ್ರಾಕೊನಜೋಲ್ ಮಾತ್ರೆಗಳು ಸಿಲ್ಡೆನಾಫಿಲ್ ದೇಹದಿಂದ ಬೇಗ ಹೋಗದಂತೆ ಮಾಡುತ್ತವೆ. ಆಗ ನುಂಗಿದ್ದು ಒಂದೇ ಮಾತ್ರೆಯಾದರೂ ಮೈಮೇಲೆ ಆಗುವ ಪರಿಣಾಮ ಹೆಚ್ಚು. ಸಿಲ್ಡೆನಾಫಿಲ್ ಜೊತೆ ಡಪಾಕ್ಸೆಟಿನ್ ಸೇರಿಸಿದ ಮಾತ್ರೆಗಳೂ ಮಾರುಕಟ್ಟೆಯಲ್ಲಿವೆ. ಡಪಾಕ್ಸೆಟಿನ್ ಒಂದರಿಂದಲೇ ಕೆಲವರು ಪ್ರಜ್ಞೆ ತಪ್ಪುತ್ತಾರೆ.

ದೆಹಲಿಯ ಏಮ್ಸ್ ವೈದ್ಯರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಿಸಿದ ಪ್ರಕರಣ ಒಂದಿದೆ. 41 ವರ್ಷದ ವ್ಯಕ್ತಿ, ಮೊದಲೇ ಗೊತ್ತಿದ್ದ ಕಾಯಿಲೆ ಯಾವುದೂ ಇಲ್ಲ. ಡಾಕ್ಟರ್ ಚೀಟಿ ಇಲ್ಲದೆ 50 ಮಿಲಿಗ್ರಾಂನ ಎರಡು ಸಿಲ್ಡೆನಾಫಿಲ್ ನುಂಗಿ ಮದ್ಯ ಸೇವಿಸಿದ್ದರು. ಮರುದಿನ ಬೆಳಿಗ್ಗೆ ಮೈ ಸರಿ ಇಲ್ಲ, ವಾಂತಿ. ಜೊತೆಗಿದ್ದವರು ಆಸ್ಪತ್ರೆಗೆ ಹೋಗೋಣ ಅಂದರೂ, ಮೊದಲೂ ಹೀಗಾಗಿತ್ತು ಅಂತ ಸುಮ್ಮನಾದರು. ಆಮೇಲೆ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಜೀವ ಹೋಗಿತ್ತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಸುಮಾರು 300 ಗ್ರಾಂ ರಕ್ತ ಹೆಪ್ಪುಗಟ್ಟಿತ್ತು. ಬಿಪಿ ಮೊದಲೇ ಇದ್ದಿರಬಹುದು ಅನ್ನೋ ಗುರುತುಗಳೂ ಶವಪರೀಕ್ಷೆಯಲ್ಲಿ ಕಂಡವು.

ಇಂಥ ಸಾವು ಅಪರೂಪ. ಆದರೆ ಬಿಪಿ ಇದ್ದೂ ಗೊತ್ತಿಲ್ಲದವರು ನಮ್ಮಲ್ಲಿ ಅಪರೂಪ ಅಲ್ಲ.

ಹಾಗಾದ್ರೆ ಮಗುವಿಗೂ ಬರೆದಿದ್ದಾರಲ್ಲ?

ಇದನ್ನು ಓದಿ ಯಾರೂ ಡಾಕ್ಟರ್ ಕೊಟ್ಟ ಔಷಧಿ ನಿಲ್ಲಿಸಬೇಡಿ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಹೆಚ್ಚಾಗುವ ಕಾಯಿಲೆಗೆ ಸಿಲ್ಡೆನಾಫಿಲ್ 2005ರಿಂದಲೂ ಒಪ್ಪಿತ ಔಷಧಿ. ಹೆಂಗಸರಿಗೂ, ತಜ್ಞರ ನಿಗಾದಲ್ಲಿ ಮಕ್ಕಳಿಗೂ ಕೊಡುತ್ತಾರೆ. ಟಡಾಲಾಫಿಲ್ ಪ್ರಾಸ್ಟೇಟ್ ತೊಂದರೆಗೂ ಒಪ್ಪಿತವಾಗಿದೆ.

ಆದರೆ ತಜ್ಞರೇ ಹೊಸ ಉಪಯೋಗಕ್ಕೆ ಪರೀಕ್ಷಿಸುವಾಗಲೂ ಅನಾಹುತ ಆಗಿದೆ. ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದ ಮಗುವಿಗೆ ರಕ್ತ ಹೆಚ್ಚು ಹರಿಯಲಿ ಅಂತ ನೆದರ್ಲೆಂಡ್ಸ್‌ನಲ್ಲಿ ಗರ್ಭಿಣಿಯರಿಗೆ ಸಿಲ್ಡೆನಾಫಿಲ್ ಕೊಟ್ಟು ಪರೀಕ್ಷೆ ನಡೆದಿತ್ತು. 11 ಶಿಶುಗಳು ತೀರಿಕೊಂಡ ಮೇಲೆ, ಮಾತ್ರೆಯಿಂದಲೇ ಶ್ವಾಸಕೋಶಕ್ಕೆ ಹಾನಿ ಆಗಿರಬಹುದು ಅನ್ನೋ ಶಂಕೆಯಲ್ಲಿ 2018ರ ಜುಲೈನಲ್ಲಿ ಪರೀಕ್ಷೆ ನಿಲ್ಲಿಸಲಾಯಿತು. ದೊಡ್ಡ ಆಸ್ಪತ್ರೆಯ ಕಣ್ಗಾವಲಿನಲ್ಲೇ ಹೀಗಾದರೆ, ‘ನನಗೆ ಸರಿಹೋಯ್ತು, ನೀನೂ ತಗೋ ಮಗಾ’ ಅಂತ ಗೆಳೆಯನಿಗೆ ಕೊಡೋದು ಎಷ್ಟು ಸರಿ?

ಚೂರ್ಣ, ಲೇಹ್ಯ, ರಸ್ತೆ ಬದಿ ಟೆಂಟ್

‘ಇಂಗ್ಲಿಷ್ ಮಾತ್ರೆ ಬೇಡ, ಗಿಡಮೂಲಿಕೆ ಆದ್ರೆ ಸೇಫ್’ ಅನ್ನುವವರಿದ್ದಾರೆ. ಗಿಡಮೂಲಿಕೆ ಅಂತ ಮಾರುವ ‘ಶಕ್ತಿ’ ಕ್ಯಾಪ್ಸೂಲ್‌ಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಬೆರೆಸಿರೋದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಮಾಡಿ ಎಚ್ಚರಿಸಿದೆ. ಅಂಥದ್ದನ್ನು ನುಂಗಿದವನಿಗೆ ತಾನು ಏನು ತಗೊಂಡೆ ಅಂತಲೇ ಗೊತ್ತಿರಲ್ಲ. ಡಾಕ್ಟರ್ ಕೇಳಿದರೂ ‘ಯಾವ ಮಾತ್ರೆಯೂ ಇಲ್ಲ ಸಾರ್’ ಅಂತಾನೆ.

ಬೆಂಗಳೂರಿನಲ್ಲಿ 2025ರ ನವೆಂಬರ್‌ನಲ್ಲಿ ಜ್ಞಾನಭಾರತಿ ಪೊಲೀಸ್ ಠಾಣೆಗೆ ಹೋದ ದೂರು ನೋಡಿ. ಲೈಂಗಿಕ ಸಮಸ್ಯೆಗೆ ರಸ್ತೆ ಬದಿ ಟೆಂಟ್‌ನಲ್ಲಿ ಔಷಧಿ ಕೇಳಿದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡಿದ್ದಾಗಿ, ಆಮೇಲೆ ಕಿಡ್ನಿಗೂ ಹಾನಿಯಾಗಿದ್ದಾಗಿ ಹೇಳಿದ್ದಾರೆ. ಓದಿದವರು, ದುಡಿಯುವವರು. ನಾಚಿಕೆಯಿಂದ ಒಬ್ಬರೇ ಹೋಗಿದ್ದೇ ಇಂಥವರಿಗೆ ಬಂಡವಾಳ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡೋದೇ 1954ರ ಕಾಯ್ದೆ ಪ್ರಕಾರ ಅಪರಾಧ. ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್‌ಗೂ ಇದು ಅನ್ವಯ.

ಅಂಗಡಿಯವರ ಗಮನಕ್ಕೆ

ಸಿಲ್ಡೆನಾಫಿಲ್, ಟಡಾಲಾಫಿಲ್ ಎರಡನ್ನೂ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಪೆಟ್ಟಿಗೆ ಅಂಗಡಿ, ಪಾನ್ ಅಂಗಡಿ, ಪ್ರಾವಿಷನ್ ಸ್ಟೋರ್‌ನಲ್ಲಿ ಇಟ್ಟು ಮಾರುವುದಂತೂ ಲೈಸೆನ್ಸ್ ಇಲ್ಲದ ಔಷಧ ವ್ಯಾಪಾರ. 1940ರ ಔಷಧ ಕಾಯ್ದೆಯಲ್ಲಿ ಇದಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ ಇದೆ. ಒಂದು ಶೀಟಿನಲ್ಲಿ ಸಿಗುವ ಲಾಭಕ್ಕೆ ಇದು ಬೇಕಾ?

ಮೆಡಿಕಲ್ ಸ್ಟೋರ್‌ನವರು ಚೀಟಿ ಇದ್ದರೂ ಮೆಲ್ಲಗೆ ಎರಡು ಪ್ರಶ್ನೆ ಕೇಳಬಹುದು: ‘ಎದೆನೋವಿಗೆ ಮಾತ್ರೆ ಏನಾದ್ರೂ ತಗೋತೀರಾ? ಬಿಪಿಗೆ, ಪ್ರಾಸ್ಟೇಟ್‌ಗೆ?’ ನಾಲ್ಕು ಜನರ ಎದುರು ಗಟ್ಟಿಯಾಗಿ ಕೇಳಿದರೆ ಗಿರಾಕಿ ಮುಂದಿನ ಸಲ ಟೆಂಟ್ ಹುಡುಕಿಕೊಂಡು ಹೋಗುತ್ತಾನೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

– ಮಾತ್ರೆ ತಗೊಂಡ ಮೇಲೆ ಎದೆನೋವು, ಕಣ್ಣು ಕತ್ತಲೆ ಬರೋದು, ಪ್ರಜ್ಞೆ ತಪ್ಪೋದು.
– ನಿಮಿರುವಿಕೆ 4 ಗಂಟೆ ದಾಟಿದರೂ ಇಳಿಯದಿರೋದು. ನಾಚಿಕೊಂಡು ಕಾದರೆ ಶಾಶ್ವತ ಹಾನಿ ಆಗಬಹುದು.
– ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣಿಸದಿರೋದು, ಕಿವಿ ಕೇಳಿಸದಿರೋದು.
– ತೀವ್ರ ತಲೆನೋವು, ವಾಂತಿ, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು.

108ಕ್ಕೆ ಫೋನ್ ಮಾಡಿ. ಬಂದ ಸಿಬ್ಬಂದಿಗೂ, ಆಸ್ಪತ್ರೆಯ ಡಾಕ್ಟರಿಗೂ ಮೊದಲು ಹೇಳಬೇಕಾದ ಮಾತು: ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ ತಗೊಂಡಿದ್ದು. ಶೀಟು ಇದ್ದರೆ ಜೇಬಿಗೆ ಹಾಕಿಕೊಂಡು ಹೋಗಿ. ಇದು ಗೊತ್ತಾದರೆ ಡಾಕ್ಟರ್ ನೈಟ್ರೇಟ್ ಬಿಟ್ಟು ಬೇರೆ ಚಿಕಿತ್ಸೆ ಕೊಡುತ್ತಾರೆ, ಅದಕ್ಕೆ ದಾರಿಗಳಿವೆ. ಮನೆಯವರು ಕೂಡ ಸಾರ್ಬಿಟ್ರೇಟ್ ಕೈಗೆ ತಗೊಳ್ಳೋ ಮೊದಲು ‘ಬೇರೆ ಏನಾದ್ರೂ ಮಾತ್ರೆ ತಗೊಂಡಿದ್ರಾ?’ ಅಂತ ಒಂದು ಮಾತು ಕೇಳಲಿ. ಉತ್ತರಕ್ಕೆ ಬೈಯ್ಯೋದು ಆಮೇಲೆ ಇದ್ದೇ ಇದೆ.

ಇನ್ನು ನಿಜವಾಗಿಯೂ ತೊಂದರೆ ಇರುವವರಿಗೆ ಒಂದು ವಿಷಯ. ನಿಮಿರುವಿಕೆಯ ತೊಂದರೆ ಎಷ್ಟೋ ಸಲ ಶುಗರ್, ಬಿಪಿ, ಹೃದಯದ ಕಾಯಿಲೆಯ ಮುನ್ಸೂಚನೆ. ಆ ಭಾಗದ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಕಟ್ಟಿಕೊಳ್ಳೋದು ಅಲ್ಲೇ ಮೊದಲು ಗೊತ್ತಾಗಬಹುದು. ಮಾತ್ರೆ ನುಂಗಿ ಮುಚ್ಚಿಟ್ಟರೆ ಹೃದಯ ಕೊಟ್ಟ ಎಚ್ಚರಿಕೆಯನ್ನೇ ಮುಚ್ಚಿಟ್ಟ ಹಾಗೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡಿಸಿ. ಡಾಕ್ಟರಿಗೆ ಇಂಥ ಮಾತು ಹೊಸದೇನಲ್ಲ, ದಿನಾ ಕೇಳೋದೇ. ಬಾಗಿಲು ಹಾಕಿಕೊಂಡು ಐದು ನಿಮಿಷ ಮಾತಾಡಿದರೆ ಸಾಕು.