ಬಾಡಿಗೆದಾರರ ನಡುವೆ ಸಾಮಾನ್ಯ ವೆಚ್ಚಗಳ ಹಂಚಿಕೆ: ಸ್ಪ್ರೆಡ್‌ಶೀಟ್ ಸೂತ್ರಗಳ ಬಳಕೆ

ಪೀಣ್ಯದ ಕೈಗಾರಿಕಾ ಶೆಡ್ಡುಗಳಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಟ್ಟಡಗಳಿರಲಿ, ಒಂದೇ ಸೂರಿನಡಿ ನಾಲ್ಕಾರು ಬಾಡಿಗೆದಾರರು ವ್ಯವಹಾರ ನಡೆಸುವುದು ಸಾಮಾನ್ಯ. ಬಾಡಿಗೆಯ ಮೊತ್ತ ಕರಾರುಪತ್ರದಲ್ಲಿ ಸ್ಪಷ್ಟವಾಗಿರುತ್ತದೆ. ಆದರೆ ಕಾವಲುಗಾರರ ಸಂಬಳ, ಲಿಫ್ಟ್ ನಿರ್ವಹಣೆ, ಟ್ಯಾಂಕರ್ ನೀರು, ಜನರೇಟರ್ ಡೀಸೆಲ್ ಮುಂತಾದ ವೆಚ್ಚಗಳ ಬಗ್ಗೆ "ಸಮಾನವಾಗಿ" ಅಥವಾ "ವಿಸ್ತೀರ್ಣಕ್ಕೆ ಅನುಗುಣವಾಗಿ" ಎಂಬ ಒಂದೆರಡು ಶಬ್ದಗಳಿಗಿಂತ ಹೆಚ್ಚೇನೂ ಅದರಲ್ಲಿ ಇರುವುದಿಲ್ಲ. ತಿಂಗಳ ಕೊನೆಯ ತಕರಾರುಗಳು ಹುಟ್ಟುವುದು ಇಲ್ಲಿಯೇ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಕಟ್ಟಡವೊಂದರ ನೆಲಮಹಡಿಯಲ್ಲಿ 1,500 ಚದರ ಅಡಿಯ ಹಾರ್ಡ್‌ವೇರ್ ಮಳಿಗೆ ಹಾಗೂ 1,000 ಚದರ ಅಡಿಯ ಮುದ್ರಣಾಲಯ, ಮೊದಲ ಮಹಡಿಯಲ್ಲಿ 2,000 ಚದರ ಅಡಿಯ ಸಿದ್ಧ ಉಡುಪು ಘಟಕ, ಎರಡನೆಯ ಮಹಡಿಯಲ್ಲಿ 500 ಚದರ ಅಡಿಯ ಲೆಕ್ಕಪರಿಶೋಧಕರ ಕಚೇರಿ ಇವೆ ಎಂದುಕೊಳ್ಳೋಣ. ತಿಂಗಳ ವೆಚ್ಚ: ಕಾವಲು 18,000 ರೂ., ಲಿಫ್ಟ್ 4,000 ರೂ., ನೀರು 9,000 ರೂ., ಡೀಸೆಲ್ 12,000 ರೂ.; ಒಟ್ಟು 43,000 ರೂ. ಸಮಾನವಾಗಿ ಹಂಚಿದರೆ ತಲಾ 10,750 ರೂ. ಆಗುತ್ತದೆ, ಚಿಕ್ಕ ಕಚೇರಿಗೆ ಇದು ಅನ್ಯಾಯ. ಕೇವಲ ವಿಸ್ತೀರ್ಣದ ಮೇಲೆ ಹಂಚಿದರೆ ಹಾರ್ಡ್‌ವೇರ್ ಮಳಿಗೆಗೆ 12,900 ರೂ. ಬೀಳುತ್ತದೆ. ಲಿಫ್ಟ್ ಏರದ, ನಾಲ್ವರೇ ಕೆಲಸಗಾರರಿರುವ, ಒಂದು ತಕ್ಕಡಿ ಮತ್ತು ಕೆಲವು ದೀಪಗಳಷ್ಟೇ ಇರುವ ಮಳಿಗೆಗೆ ಇದೂ ನ್ಯಾಯವಲ್ಲ.

ಪ್ರತಿಯೊಂದು ವೆಚ್ಚಕ್ಕೂ ಅದು ಯಾವ ಕಾರಣದಿಂದ ಉಂಟಾಗುತ್ತದೆಯೋ ಅದನ್ನೇ ಹಂಚಿಕೆಯ ಆಧಾರವಾಗಿ ಹಿಡಿಯುವುದು ಸರಿಯಾದ ಕ್ರಮ. ಕಾವಲಿಗೆ ವಿಸ್ತೀರ್ಣ, ನೀರಿಗೆ ಜನಸಂಖ್ಯೆ, ಡೀಸೆಲ್‌ಗೆ ಉಪಮೀಟರ್ ತೋರಿಸುವ ಯೂನಿಟ್‌ಗಳು ಆಧಾರವಾಗಬಲ್ಲವು. ಲಿಫ್ಟ್‌ಗೆ ವಿಸ್ತೀರ್ಣವನ್ನು ಮಹಡಿಯ ಸಂಖ್ಯೆಯಿಂದ ಗುಣಿಸಬಹುದು. ಆಗ ನೆಲಮಹಡಿಯ ಪಾಲು ಸೊನ್ನೆ, ಉಡುಪು ಘಟಕಕ್ಕೆ 2,000, ಕಚೇರಿಗೆ 1,000. (ನೆಲಮಹಡಿಯವರು ತಾರಸಿಯಲ್ಲಿ ದಾಸ್ತಾನು ಇಟ್ಟು ಲಿಫ್ಟ್‌ನಲ್ಲಿ ಇಳಿಸುತ್ತಿದ್ದರೆ ಈ ವಿನಾಯಿತಿಯನ್ನು ಕೇಳುವಂತಿಲ್ಲ.)

ಎಕ್ಸೆಲ್‌ನಲ್ಲಾಗಲಿ, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಾಗಲಿ ಹಾಳೆಯ ರಚನೆ ಒಂದೇ. ಎ ಕಾಲಂನಲ್ಲಿ ಹೆಸರುಗಳು. ಬಿ, ಸಿ, ಡಿ, ಇ ಕಾಲಂಗಳಲ್ಲಿ ಅನುಕ್ರಮವಾಗಿ ವಿಸ್ತೀರ್ಣ, ಲಿಫ್ಟ್ ತೂಕ, ಜನಸಂಖ್ಯೆ, ಯೂನಿಟ್‌ಗಳು. 2ರಿಂದ 5ರವರೆಗಿನ ಸಾಲುಗಳು ಬಾಡಿಗೆದಾರರಿಗೆ, 6ನೆಯ ಸಾಲು ಆಯಾ ಕಾಲಂನ ಮೊತ್ತಕ್ಕೆ, 7ನೆಯ ಸಾಲು ಆಯಾ ವೆಚ್ಚದ ಬಿಲ್ಲಿಗೆ ಮೀಸಲು. ಜನಸಂಖ್ಯೆ 4, 8, 42, 6 ಹಾಗೂ ಯೂನಿಟ್‌ಗಳು 60, 300, 400, 40 ಎಂದಿರಲಿ. ಈಗ ಜಿ2 ಕೋಶದಲ್ಲಿ ಹೀಗೆ ಬರೆಯಬೇಕು:

=ರೌಂಡ್(ಬಿ$7*ಬಿ2/ಬಿ$6,0)

ಸೂತ್ರದ ಜೀವಾಳ ಡಾಲರ್ ಚಿಹ್ನೆ. ಸೂತ್ರವನ್ನು ಕೆಳಕ್ಕೆ ನಕಲಿಸಿದಾಗ ಬಿ2 ಎಂಬುದು ಬಿ3, ಬಿ4 ಎಂದು ಸರಿಯುತ್ತದೆ, ಆದರೆ 6 ಮತ್ತು 7ನೆಯ ಸಾಲುಗಳು ಕದಲುವುದಿಲ್ಲ. ಬಲಕ್ಕೆ ನಕಲಿಸಿದಾಗ ಬಿ ಹೋಗಿ ಸಿ, ಡಿ, ಇ ಬರುತ್ತವೆ, ಏಕೆಂದರೆ ಕಾಲಂ ಅಕ್ಷರದ ಮುಂದೆ ಡಾಲರ್ ಇಲ್ಲ. ಹೀಗೆ ಒಂದೇ ಸೂತ್ರದಿಂದ ಹದಿನಾರು ಕೋಶಗಳೂ ತುಂಬುತ್ತವೆ. ಚಿಹ್ನೆ ಬಿಟ್ಟುಹೋದರೆ ಎರಡನೆಯ ಬಾಡಿಗೆದಾರನ ಪಾಲು ಸೊನ್ನೆ ಎಂದು ಕಾಣುತ್ತದೆ, ಮೂರನೆಯವನದರಲ್ಲಿ ಸೊನ್ನೆಯಿಂದ ಭಾಗಿಸಿದ ದೋಷಸೂಚನೆ ಬರುತ್ತದೆ. ಕೆ ಕಾಲಂನಲ್ಲಿ ಪ್ರತಿ ಸಾಲಿನ ಪಾಲುಗಳನ್ನು ಕೂಡಿಸಿದರೆ ಹಾರ್ಡ್‌ವೇರ್ ಮಳಿಗೆಗೆ 6,900 ರೂ., ಮುದ್ರಣಾಲಯಕ್ಕೆ 9,300 ರೂ., ಉಡುಪು ಘಟಕಕ್ಕೆ 22,167 ರೂ., ಕಚೇರಿಗೆ 4,633 ರೂ. ಆಗುತ್ತದೆ. ವಿಸ್ತೀರ್ಣದ ಲೆಕ್ಕಕ್ಕೆ ಹೋಲಿಸಿದರೆ ಹಾರ್ಡ್‌ವೇರ್ ವ್ಯಾಪಾರಿಗೆ ತಿಂಗಳಿಗೆ 6,000 ರೂ., ಅಂದರೆ ವರ್ಷಕ್ಕೆ 72,000 ರೂ. ಉಳಿತಾಯ. ಇಷ್ಟು ದಿನ ಅವರು ಉಳಿದ ಮೂವರ ವೆಚ್ಚವನ್ನು ತಮಗರಿಯದೆ ಹೊತ್ತಿದ್ದರು.

ರೌಂಡ್ ಬಳಸದೆ ಕೋಶದ ನಮೂನೆಯನ್ನಷ್ಟೇ ಬದಲಿಸಿ ಪೈಸೆಗಳನ್ನು ಮರೆಮಾಡುವುದು ಹಲವರ ರೂಢಿ. ಕಣ್ಣಿಗೆ ಕಾಣದಿದ್ದರೂ ಪೈಸೆಗಳು ಒಳಗೆ ಉಳಿದೇ ಇರುತ್ತವೆ. ಮುದ್ರಿಸಿದ ಅಂಕಿಗಳನ್ನು ಕೈಯಲ್ಲಿ ಕೂಡಿಸಿದವರಿಗೆ ಒಂದೆರಡು ರೂಪಾಯಿ ವ್ಯತ್ಯಾಸ ಸಿಗುತ್ತದೆ, ಲೆಕ್ಕದ ಮೇಲಿನ ನಂಬಿಕೆಯೇ ಹೋಗುತ್ತದೆ. ರೌಂಡ್ ಬಳಸಿದಾಗಲೂ ಮೊತ್ತ ಕೆಲವೊಮ್ಮೆ ಒಂದು ರೂಪಾಯಿ ತಪ್ಪಬಹುದು: ನೂರು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 33, ಕೂಡಿಸಿದರೆ 99. ಆ ಒಂದು ರೂಪಾಯಿ ಯಾರ ಪಾಲಿಗೆ ಎಂಬುದನ್ನು ಮೊದಲೇ ನಿರ್ಧರಿಸಬೇಕು; ಅತಿ ಹೆಚ್ಚು ಪಾಲಿನವರಿಗೆ ಸೇರಿಸುವುದು ಸುಲಭ. ಹಂಚಿದ ಮೊತ್ತದಿಂದ ಬಿಲ್ಲುಗಳ ಮೊತ್ತವನ್ನು ಕಳೆಯುವ ಒಂದು ತಪಾಸಣಾ ಕೋಶವಿರಲಿ. ಅದು ಸೊನ್ನೆಯಾಗುವವರೆಗೆ ಹಾಳೆಯನ್ನು ಯಾರಿಗೂ ಕೊಡಬಾರದು.

ನಿಜವಾದ ತೊಡಕು ಮಳಿಗೆ ಖಾಲಿಯಾದಾಗ ಎದುರಾಗುತ್ತದೆ. ಉಡುಪು ಘಟಕ ತೆರವಾಯಿತೆಂದು ಅದರ ಸಾಲನ್ನು ಅಳಿಸಿದರೆ ಒಟ್ಟು ವಿಸ್ತೀರ್ಣ 5,000ದಿಂದ 3,000ಕ್ಕೆ ಇಳಿಯುತ್ತದೆ. ಹಾರ್ಡ್‌ವೇರ್ ಮಳಿಗೆಯ ಕಾವಲು ಪಾಲು ಒಮ್ಮೆಲೇ 5,400ದಿಂದ 9,000 ರೂಪಾಯಿಗೆ ಏರುತ್ತದೆ. ಬಾಡಿಗೆದಾರರು ಏನೂ ಮಾಡದೆ ಮಾಲೀಕರ ನಷ್ಟವನ್ನು ಹೊರುತ್ತಾರೆ. ಆದ್ದರಿಂದ ಸಾಲನ್ನು ಅಳಿಸದೆ ಮಾಲೀಕರ ಹೆಸರಿಗೆ ಬದಲಿಸಬೇಕು. ತಿಂಗಳ ನಡುವೆ ತೆರವಾದರೆ ವಿಸ್ತೀರ್ಣವನ್ನು ದಿನಗಳಿಂದ ಗುಣಿಸಿ ತಿಂಗಳ ದಿನಗಳಿಂದ ಭಾಗಿಸಬೇಕು: ಮೂವತ್ತು ದಿನಗಳ ತಿಂಗಳಲ್ಲಿ 15 ದಿನ ಇದ್ದ ಘಟಕಕ್ಕೆ 1,000, ಉಳಿದ 1,000 ಮಾಲೀಕರಿಗೆ. ಹೊಸ ಸಾಲನ್ನು ಮೊದಲ ಮತ್ತು ಕೊನೆಯ ಬಾಡಿಗೆದಾರರ ನಡುವೆಯೇ ಸೇರಿಸಬೇಕು. ಕೊನೆಯವರ ಕೆಳಗೆ ಸೇರಿಸಿದರೆ ಮೊತ್ತದ ಸೂತ್ರ ಅದನ್ನು ಗಣನೆಗೆ ತೆಗೆದುಕೊಳ್ಳದೆ ಹೋಗಬಹುದು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಇನ್ನೊಂದು ಎಚ್ಚರಿಕೆ ಅಗತ್ಯವಾಗಿದೆ. ನೋಂದಾಯಿತ ಮಾಲೀಕರು ಕಾವಲು ಸಂಸ್ಥೆಯ ಬಿಲ್ಲಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುತ್ತಿದ್ದರೆ, 7ನೆಯ ಸಾಲಿನಲ್ಲಿ ತೆರಿಗೆ ಬಿಟ್ಟು ಉಳಿದ ಮೊತ್ತವನ್ನಷ್ಟೇ ನಮೂದಿಸಬೇಕು. ಇಲ್ಲದಿದ್ದರೆ ಬಾಡಿಗೆದಾರರು ತೆರಿಗೆಯ ಮೇಲೆ ತೆರಿಗೆ ತೆತ್ತಂತಾಗುತ್ತದೆ. ಮಾಲೀಕರು ಕೇವಲ ಮಧ್ಯವರ್ತಿಯಾಗಿ ಪಾವತಿಸುವ ವೆಚ್ಚಗಳಿಗೆ ಕೇಂದ್ರ ಜಿ.ಎಸ್.ಟಿ. ನಿಯಮ 33ರ ಷರತ್ತುಗಳು ಅನ್ವಯಿಸುತ್ತವೆಯೇ ಎಂಬುದನ್ನು ತೆರಿಗೆ ಸಲಹೆಗಾರರಲ್ಲಿ ವಿಚಾರಿಸುವುದು ಒಳಿತು.

ಆಧಾರಗಳ ಪಟ್ಟಿಯನ್ನು ಕರಾರುಪತ್ರಕ್ಕೆ ಅನುಬಂಧವಾಗಿ ಸೇರಿಸಿ ಎಲ್ಲರ ಸಹಿ ಪಡೆಯಬೇಕು. ಪ್ರತಿ ತಿಂಗಳು ಹಾಳೆಯ ಜೊತೆಗೆ ಮೂಲ ಬಿಲ್ಲುಗಳ ಮತ್ತು ಮೀಟರ್ ಓದಿನ ಪ್ರತಿಯನ್ನು ಕೊಡಬೇಕು. ಜನಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ಎಣಿಸಿದರೆ ಸಾಕು. ಹಬ್ಬದ ಹಂಗಾಮಿನಲ್ಲಿ ಉಡುಪು ಘಟಕದವರು ಹೆಚ್ಚುವರಿ ಕೆಲಸಗಾರರನ್ನು ತೆಗೆದುಕೊಂಡಾಗ ಮಾತ್ರ ಮತ್ತೊಮ್ಮೆ ಎಣಿಸಬೇಕಾದೀತು.