ಎಕ್ಸ್‌ರೇ ನಾರ್ಮಲ್, ಮಂಡಿ ಅಲ್ಲ

ಕನಕಪುರ ತಾಲೂಕಿನ ಕೋಡಿಹಳ್ಳಿಯಲ್ಲಿ ಹೋಬಳಿ ಮಟ್ಟದ ಕಬಡ್ಡಿ ನಡೀತಿದೆ ಅಂದ್ಕೊಳ್ಳಿ. ಹೈಸ್ಕೂಲ್ ಹುಡುಗ ರೈಡ್‌ಗೆ ಹೋಗ್ತಾನೆ. ತಪ್ಪಿಸಿಕೊಳ್ಳೋಕೆ ಗಕ್ಕನೆ ತಿರುಗ್ತಾನೆ. ಪಾದ ನೆಲದಲ್ಲೇ ಉಳಿಯುತ್ತೆ, ಮಂಡಿ ತಿರುಚಿಕೊಳ್ಳುತ್ತೆ. ಟಪ್ ಅಂತ ಸದ್ದು. ಸಂಜೆ ಹೊತ್ತಿಗೆ ಮಂಡಿ ಊದಿಕೊಂಡಿರುತ್ತೆ.

ಎಕ್ಸ್‌ರೇ ಆಗುತ್ತೆ. 'ಮೂಳೆ ಮುರಿದಿಲ್ಲ' ಅಂತಾರೆ. ಮನೆಯವರಿಗೆ ನಿರಾಳ. ಮೂರು ವಾರ ಬ್ಯಾಂಡೇಜ್, ಇಲ್ಲವೇ ನಾಟಿ ಕಟ್ಟು. ನೋವು ಇಳೀತು, ಹುಡುಗ ಮತ್ತೆ ಅಂಕಣಕ್ಕೆ. ಅನಾಹುತ ಶುರುವಾಗೋದೇ ಇಲ್ಲಿ.

ಯಾಕೆ? ಎಕ್ಸ್‌ರೇ ತೋರಿಸೋದು ಮೂಳೆಯನ್ನ. ಮೂಳೆ ಮೂಳೆಯನ್ನ ಹಿಡಿದಿಡುವ ಹಗ್ಗ, ಅಂದ್ರೆ ಲಿಗಮೆಂಟ್, ಅದರಲ್ಲಿ ಕಾಣಲ್ಲ. ಅದಕ್ಕೆ ಮೂಳೆ ತಜ್ಞರು ಕೈಯಿಂದ ಮಂಡಿ ಎಳೆದು ನೋಡಬೇಕು, ಎಂಆರ್‌ಐ ಬೇಕು. ಮಂಡಿ ನಡುವಿನ ಎಸಿಎಲ್ ಅನ್ನೋ ಲಿಗಮೆಂಟ್ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಕೂಡಿಕೊಳ್ಳಲ್ಲ. ನಾನು ಓದಿದ್ದು ಎಂಜಿನಿಯರಿಂಗ್. ಬೋಲ್ಟ್ ಸಡಿಲವಾದ ಯಂತ್ರ ಓಡಿಸಿದರೆ ಪಕ್ಕದ ಭಾಗವೂ ಸವೆಯುತ್ತೆ. ಮಂಡಿಯಲ್ಲೂ ಅಷ್ಟೇ: ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿಯುತ್ತೆ, ಚಿಕ್ಕ ವಯಸ್ಸಿಗೇ ಸಂಧಿವಾತ ಕಾದಿರುತ್ತೆ.

ಸರ್ಜರಿಯಲ್ಲಿ ರೋಗಿಯದೇ ದೇಹದ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು, ಹೊಸ ಲಿಗಮೆಂಟ್ ಕೂರಿಸ್ತಾರೆ. ಆದರೆ ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇರುತ್ತೆ. ಅದಕ್ಕೆ ಪೆಟ್ಟಾದರೆ ಕಾಲು ಸೊಟ್ಟ ಆಗಬಹುದು, ಗಿಡ್ಡ ಆಗಬಹುದು. ಹಾಗಾಗಿ ಮಕ್ಕಳ ಮಂಡಿಯಲ್ಲಿ ಅನುಭವ ಇರೋ ಸರ್ಜನ್ ಬೇಕು. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ತೋರಿಸಿಕೊಂಡು ಬನ್ನಿ.

ಆಪರೇಷನ್ ಆದ್ಮೇಲೆ? ಕನಿಷ್ಠ ಒಂಬತ್ತು ತಿಂಗಳು ಫಿಸಿಯೋಥೆರಪಿ, ತೊಡೆಗೆ ಬಲ ತುಂಬುವ ವ್ಯಾಯಾಮ. ನೋವಿಲ್ಲ ಅಂತ ಮೊದಲೇ ಆಡಿದರೆ ಅದೇ ಮಂಡಿ ಮತ್ತೆ ಹರಿಯೋ ಅಪಾಯ ಜಾಸ್ತಿ.

ಕಾಯೋದು ಕಷ್ಟ, ಒಪ್ತೀನಿ. ನಮ್ಮ ಅನಿಲ್ ಕುಂಬ್ಳೆಯನ್ನೇ ನೋಡಿ. ಭುಜದ ಸರ್ಜರಿಯಿಂದಾಗಿ 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧ ತವರಿನಲ್ಲೇ ನಡೆದ ಟೆಸ್ಟ್ ಸರಣಿ ತಪ್ಪಿಸಿಕೊಂಡರು. ಕಾದರು. ಕೊನೆಗೆ 619 ಟೆಸ್ಟ್ ವಿಕೆಟ್. ಅರ್ಧಕ್ಕಿಂತ ಹೆಚ್ಚು ಆ ಸರ್ಜರಿಯ ನಂತರ ಬಂದವು!

'ಮುಂದಿನ ವಾರ ತಾಲೂಕು ಮಟ್ಟದ ಪಂದ್ಯ ಇದೆ' ಅನ್ನೋ ಪಿಟಿ ಮೇಷ್ಟ್ರೇ, ಒಂದೇ ಮಾತು. ಊದಿದ ಮಂಡಿಯ ಹುಡುಗನನ್ನ ಅಂಕಣಕ್ಕೆ ಇಳಿಸಬೇಡಿ. ಪಂದ್ಯ ಮುಂದಿನ ವರ್ಷವೂ ಇರುತ್ತೆ. ಅವನು ಆಡೋ ಸ್ಥಿತಿಯಲ್ಲಿ ಇರಬೇಕಲ್ವಾ?